ಅಗಿದು ತಿಂದ ಮುದ್ದೆ

ನಾಳೆಗೆ ನನ್ನ ತೂಕ ಇಳಿಸುವ ಆಪರೇಷನ್ ಆಗಿ ಒಂದು ವರ್ಷ. 131 ಕೆಜಿ ಇದ್ದವನು ಈಗ 89ಕ್ಕೆ ಬಂದಿದ್ದೇನೆ. ಸಿಕ್ಕವರೆಲ್ಲ ತೂಕದ ಬಗ್ಗೆಯೇ ಕೇಳುತ್ತಾರೆ. ನನಗೆ ಮಾತ್ರ ಮೊದಲು ನೆನಪಾಗುವುದು ಆ ವಾಂತಿಯ ದಿನಗಳು, ಆಗ ಜೊತೆಗಿದ್ದ ಜನ. ಅವರಿಗೆ ಧನ್ಯವಾದ ಹೇಳದೆ ಈ ವರ್ಷ ಮುಗಿಸಲು ಮನಸ್ಸು ಬರುತ್ತಿಲ್ಲ.

ನನಗೆ ಮಾಡಿದ್ದು ಸ್ಲೀವ್ ಆಪರೇಷನ್. ಹೊಟ್ಟೆಯ ಚೀಲದ ಮುಕ್ಕಾಲು ಪಾಲು ತೆಗೆದು, ಬಾಳೆಕಾಯಿಯ ಹಾಗೆ ಉದ್ದಕ್ಕೆ ಒಂದಿಷ್ಟು ಉಳಿಸುತ್ತಾರೆ. ಮೊದಲು ಬರೀ ನೀರು, ತಿಳಿ ಸಾರು. ಆಮೇಲೆ ಗಂಜಿ, ನುಣ್ಣಗೆ ರುಬ್ಬಿದ್ದು. ಮೆತ್ತಗಿನ ಊಟಕ್ಕೆ ಬಂದಾಗ ತೊಂದರೆ ಶುರುವಾಯಿತು.

ನಾವು ಮಂಡ್ಯದ ಕಡೆಯವರು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಅಂತ ಕಲಿತು ಬೆಳೆದವರು. ತಟ್ಟೆಯಲ್ಲಿ ಅಗುಳೂ ಬಿಡಬಾರದು. ನಲವತ್ತೆರಡು ವರ್ಷ ಹಾಗೆ ಉಂಡವನು ಒಂದೇ ತಿಂಗಳಲ್ಲಿ ಬದಲಾಗು ಅಂದರೆ ಹೇಗೆ? ನಾಲ್ಕು ತುತ್ತು ಮೊಸರನ್ನ ಬೇಗ ಬೇಗ ನುಂಗಿ, ಮೇಲೆ ಒಂದು ಲೋಟ ನೀರು ಕುಡಿದೆ. ಎದೆಯ ನಡುವೆ ಕಲ್ಲು ಇಟ್ಟ ಹಾಗಾಯಿತು. ಬಾಯಿ ತುಂಬ ನೊರೆ ನೊರೆ ಜೊಲ್ಲು. ಆಮೇಲೆ ಎಲ್ಲ ಹೊರಗೆ. ಬಚ್ಚಲ ಬಾಗಿಲಲ್ಲಿ ನಿಂತಿದ್ದ ಅವ್ವ, "ನಾನು ಮಾಡಿದ್ದೇ ಸರಿ ಇಲ್ವೇನೋ ಮಗ" ಅಂತ ಅತ್ತುಬಿಟ್ಟಳು.

ಅವ್ವಾ, ಮೊದಲ ನಮಸ್ಕಾರ ನಿನಗೆ. ಮಾರನೆಯ ದಿನ ಅಟ್ಟದ ಡಬ್ಬದಿಂದ ನನ್ನ ಮಗಳಿಗೆ ಹಾಲು ಕುಡಿಸುತ್ತಿದ್ದ ಬೆಳ್ಳಿ ಒಳಲೆ ಹುಡುಕಿ ತಂದಳು. ಕಪ್ಪಾಗಿತ್ತು. ವಿಭೂತಿ ಹಾಕಿ ಉಜ್ಜಿ ತೊಳೆದಳು. ಅದರಲ್ಲಿ ಬಗ್ಗಿಸಿದರೆ ನೀರು ಸಣ್ಣಗೆ ಇಳಿಯುತ್ತದೆ, ಗಟಗಟ ಕುಡಿಯಲು ಆಗುವುದೇ ಇಲ್ಲ. ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸಿದ್ದು ಆ ಒಳಲೆ.

ನನ್ನ ಹೆಂಡತಿ ಬಗ್ಗೆ ಬರೆಯಲು ಕೂತರೆ ಕಣ್ಣು ತುಂಬುತ್ತದೆ. ಕಾಫಿ ಚಮಚದಲ್ಲಿ ತಿನ್ನಿ, ಒಂದೊಂದು ತುತ್ತನ್ನೂ ಇಪ್ಪತ್ತೈದು ಸಲ ಅಗಿಯಿರಿ, ಊಟ ಆಗಿ ಅರ್ಧ ಗಂಟೆ ನೀರು ಮುಟ್ಟಬೇಡಿ ಅಂತ ಡಯಟೀಶಿಯನ್ ಮೇಡಂ ಹೇಳಿದ್ದರು. ಇವಳು ನನಗೆ ಹೇಳುತ್ತಾ ಕೂರಲಿಲ್ಲ. ತಾನೂ ಸಣ್ಣ ಚಮಚ ಹಿಡಿದು, ಎದುರಿಗೆ ಕೂತು, ನನ್ನಷ್ಟೇ ನಿಧಾನವಾಗಿ ಉಂಡಳು. ಒಂದು ದಿನ ಎರಡು ದಿನ ಅಲ್ಲ, ಮೂರು ತಿಂಗಳು.

ಆದರೂ ಆರನೇ ವಾರ ಕೈಮೀರಿತು. ಗಂಜಿ ನಿಲ್ಲಲಿಲ್ಲ, ನೀರೂ ನಿಲ್ಲಲಿಲ್ಲ. ನಾಲ್ಕು ದಿನ. ಹತ್ತಿರದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟು, ಈ ಆಪರೇಷನ್ ಆದವರಿಗೆ ಇದೆಲ್ಲ ಇದ್ದದ್ದೇ ಅಂತ ಕಳಿಸಿದರು. ನಾನೂ ನಂಬಿದೆ. ಸುಮ್ನೆ ಮಲಗಿದ್ದೆ. ಆ ಸಂಜೆ ಆಪರೇಷನ್ ಆದ ಆಸ್ಪತ್ರೆಯ ನರ್ಸ್ ಒಬ್ಬರು ವಿಚಾರಿಸಲು ಫೋನ್ ಮಾಡಿದರು. ಮೂರೇ ಪ್ರಶ್ನೆ. ಎಷ್ಟು ದಿನದಿಂದ? ಮೂತ್ರದ ಬಣ್ಣ ಏನು? ಕಾಲು ಜೋಮು ಹಿಡಿಯುತ್ತಾ? ಉತ್ತರ ಕೇಳಿದವರೇ, "ಈಗಲೇ ಹೊರಡಿ, ಬೆಳಗಾಗಲಿ ಅನ್ನಬೇಡಿ" ಅಂದರು.

ಹೊರಟೆವು. ಅಲ್ಲಿ ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಟ್ಟರು. ಅದು ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ಇರುತ್ತದಂತೆ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲದೆ ಅದು ಖಾಲಿಯಾದರೆ ಕಣ್ಣು, ನಡಿಗೆ, ನೆನಪು, ಎಲ್ಲಕ್ಕೂ ಪೆಟ್ಟು. ಎಂಡೋಸ್ಕೋಪಿಯಲ್ಲಿ, ಉಳಿಸಿದ್ದ ಹೊಟ್ಟೆಯ ಚೀಲ ಬಾಗುವ ಜಾಗ ಇಕ್ಕಟ್ಟಾಗಿದ್ದು ಕಂಡಿತು. ಬಲೂನ್ ಹಾಕಿ ಅಗಲ ಮಾಡಿದರು. ಎರಡು ಸಲ ಮಾಡಬೇಕಾಯಿತು. ಸಿಸ್ಟರ್, ನಿಮ್ಮ ಆ ಮೂರು ಪ್ರಶ್ನೆಗಳಿಗೆ ನಾನು ಬದುಕಿರುವಷ್ಟು ದಿನ ಋಣಿ. ಇದನ್ನು ಓದುವವರಲ್ಲಿ ಯಾರಿಗಾದರೂ ನೀರೂ ನಿಲ್ಲುತ್ತಿಲ್ಲ ಅಂದರೆ ದಯವಿಟ್ಟು ನನ್ನ ಹಾಗೆ ನಾಲ್ಕು ದಿನ ಕಾಯಬೇಡಿ. ಆಪರೇಷನ್ ಮಾಡಿದವರಿಗೆ ಆವತ್ತೇ ಫೋನ್ ಮಾಡಿ.

ಆಫೀಸಿನ ಗೆಳೆಯರಿಗೂ ಥ್ಯಾಂಕ್ಸ್. ಊಟದ ಹೊತ್ತಲ್ಲಿ ನಾನು ಎದ್ದು ಓಡಿದರೆ ಯಾರೂ ಮುಖ ಸಿಂಡರಿಸಲಿಲ್ಲ. ನನ್ನ ಡಬ್ಬಿಗೆ ಮುಚ್ಚಳ ಹಾಕಿಟ್ಟು ಕಾಯುತ್ತಿದ್ದರು. ಇನ್ನು ನನ್ನ ಸೋದರಮಾವ. ಅವರ ಮಗಳ ಮದುವೆಯಲ್ಲಿ ಬಡಿಸುವ ಹುಡುಗರಿಗೆಲ್ಲ ಮೊದಲೇ ಹೇಳಿಟ್ಟಿದ್ದರು. ನನ್ನ ಎಲೆಯ ಹತ್ತಿರ ಬಂದು ಯಾರೂ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಅನ್ನಲಿಲ್ಲ. ನಮ್ಮ ಕಡೆ ಅದು ಎಷ್ಟು ದೊಡ್ಡ ಮಾತು ಅಂತ ನಿಮಗೆ ಗೊತ್ತಲ್ವಾ?

ನಿನ್ನೆ ರಾತ್ರಿ ಅವ್ವ ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಿದಳು. ಜೊತೆಗೆ ಉಪ್ಸಾರು. ಚೂರು ಚೂರು ಮುರಿದು, ಅಗಿದು ತಿಂದೆ. ಇಪ್ಪತ್ತೈದು ನಿಮಿಷ ಹಿಡಿಯಿತು. ಅವ್ವ ಬಚ್ಚಲ ಕಡೆ ಒಮ್ಮೆ ನೋಡಿದಳು, ನನ್ನ ಮುಖ ನೋಡಿದಳು. ಅರ್ಧ ಗಂಟೆ ಕಳೆದ ಮೇಲೆ ಒಳಲೆಯಲ್ಲಿ ನೀರು ತಂದು ಕೊಟ್ಟಳು.