ಮೇಗುತಿಯ ಮಾತಿಗೆ ದುರ್ಗದ ಗುಡಿಯ ಚಿತ್ರ

ಮಾನ್ಯ ಸಂಪಾದಕರೇ,

ನಾಡಿನ ಇತಿಹಾಸವನ್ನು ಯೂಟ್ಯೂಬಿನಲ್ಲಿ ಹೇಳುತ್ತಿರುವ ಯುವಕರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಓದಿದೆ. ಯಾವ ಸಾಕ್ಷ್ಯಚಿತ್ರವನ್ನು ಎಷ್ಟು ಲಕ್ಷ ಮಂದಿ ನೋಡಿದರು ಎಂಬ ಲೆಕ್ಕ ಅದರಲ್ಲಿ ಚೆನ್ನಾಗಿತ್ತು. ನೋಡಿದವರು ಏನೆಂದರು ಎಂಬುದರ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಆ ಬಾಕಿಯನ್ನು ನಾನು ಸ್ವಲ್ಪ ತೀರಿಸಬಲ್ಲೆ. ಕಳೆದ ಎರಡು ತಿಂಗಳಿಂದ ರಾತ್ರಿ ಊಟವಾದ ಮೇಲೆ ನನಗೆ ಅದೇ ಕೆಲಸ.

ನಾನು ಅಮೀನಗಡದವಳು. ಸುತ್ತಲಿನ ಊರುಗಳ ಪ್ರೌಢಶಾಲೆಗಳಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಸಣ್ಣ ಅಕ್ಷರ ಕಾಣುವುದು ಕಷ್ಟ. ಹಾಗಾಗಿ ಮೊಮ್ಮಗ ಟಿ.ವಿ.ಯಲ್ಲಿ ವಿಡಿಯೊ ಹಾಕಿಕೊಡುತ್ತಾನೆ, ಕೆಳಗಿನ ಪ್ರತಿಕ್ರಿಯೆಗಳನ್ನು ಮೊಬೈಲಿನಲ್ಲಿ ನೋಡಿ ಗಟ್ಟಿಯಾಗಿ ಓದುತ್ತಾನೆ. ನಡುನಡುವೆ ಅವನ ದನಿ ನಿಂತು, ಎರಡು ಸಾಲು ದಾಟಿ ಮತ್ತೆ ಶುರುವಾಗುತ್ತದೆ. ಅಲ್ಲಿ ಬೈಗುಳವಿತ್ತು ಎಂದು ನನಗೆ ತಿಳಿಯುತ್ತದೆ. ನಾನು ಕೇಳುವುದಿಲ್ಲ, ಅವನು ಹೇಳುವುದಿಲ್ಲ.

ಹೀಗೆ ನೋಡಿದವುಗಳಲ್ಲಿ ಒಂದು ಐಹೊಳೆಯ ಮೇಲಿನ 24 ನಿಮಿಷದ ಚಿತ್ರ. ಚಾನೆಲ್ಲಿನ ಹೆಸರು ಬೇಡ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಚಳಿಗಾಲದ ಬೆಳಗಿನಲ್ಲಿ ಮಲಪ್ರಭೆಯ ಮೇಲೆ ಏಳುವ ಮಂಜನ್ನು ಅವರು ಮೇಲಿನಿಂದ ಹಿಡಿದಿದ್ದಾರೆ. ಇಲ್ಲೇ ಹುಟ್ಟಿ ಮುದುಕಿಯಾದ ನಾನು ಅದನ್ನು ಹಾಗೆ ನೋಡಿರಲೇ ಇಲ್ಲ. ಆದರೆ ಚಿತ್ರ ಮುಗಿಯುವ ಹೊತ್ತಿಗೆ ನನ್ನ ಕೈ ಕೆಂಪು ಶಾಯಿಯ ಪೆನ್ನನ್ನು ಹುಡುಕುತ್ತಿತ್ತು. ಪರಶುರಾಮ ಕೊಡಲಿ ತೊಳೆದ ಕಥೆಗೆ ನಾಲ್ಕು ನಿಮಿಷ. ಇರಲಿ, ನಾನೂ ಮಕ್ಕಳಿಗೆ ಅದನ್ನು ಹೇಳುತ್ತಿದ್ದೆ, ಕಥೆ ಎಂದೇ ಹೇಳುತ್ತಿದ್ದೆ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಸಂಘ ಇದೇ ಊರಿನ ಹೆಸರು ಹೊತ್ತು ದಕ್ಷಿಣ ಭಾರತದುದ್ದಕ್ಕೂ, ಕಡಲಾಚೆಗೂ ವ್ಯಾಪಾರ ಮಾಡಿತು. ಅದಕ್ಕೆ ಅರ್ಧ ನಿಮಿಷವೂ ಇಲ್ಲ.

ದೊಡ್ಡ ತಪ್ಪು ಬೇರೆ. ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿಯನ್ನು ಹೊಗಳಿ ಅವನ ಆಸ್ಥಾನಕವಿ ರವಿಕೀರ್ತಿ ಬರೆದ ಶಾಸನದ ಬಗ್ಗೆ ಹಿನ್ನೆಲೆಯ ದನಿ ಮಾತನಾಡುವಾಗ ತೆರೆಯ ಮೇಲೆ ಬರುವುದು ದುರ್ಗದ ಗುಡಿ. ಶಾಸನ ಇರುವುದು ಊರಿನ ಪಕ್ಕದ ಗುಡ್ಡದ ಮೇಲೆ, ಮೇಗುತಿ ಜಿನಾಲಯದ ಪೂರ್ವದ ಗೋಡೆಯಲ್ಲಿ. ಮೇಲಿನ ಗುಡಿಯೇ ಮೇಗುಡಿಯಾಗಿ ಮೇಗುತಿಯಾದದ್ದು. ಹತ್ತಲು ಮೆಟ್ಟಿಲುಗಳಿವೆ, ಬಿಸಿಲಿದೆ. ಕ್ಯಾಮೆರಾ ಹೊತ್ತವರಿಗೆ ಬೇಸರವಾಗಿರಬೇಕು. ಕ್ರಿ.ಶ. 634ರ ಆ ಶಾಸನವನ್ನು ಅವರು ‘ಹಳಗನ್ನಡ ಕಾವ್ಯ’ ಎಂದರು. ಭಾಷೆ ಸಂಸ್ಕೃತ, ಲಿಪಿ ಮಾತ್ರ ಹಳಗನ್ನಡದ್ದು. ದುರ್ಗದ ಗುಡಿಯನ್ನು ದುರ್ಗಾದೇವಿಯ ಗುಡಿ ಎಂದು ಹೇಳಿ, ಪ್ರದಕ್ಷಿಣಾ ಪಥದಲ್ಲಿರುವ ಮಹಿಷಮರ್ದಿನಿಯನ್ನು ಸಾಕ್ಷಿಯಾಗಿ ತೋರಿಸಿದರು. ಹಿಂದೆ ಅದರ ಹತ್ತಿರ ಕೋಟೆ ಇತ್ತು, ದುರ್ಗ ಎಂದರೆ ಕೋಟೆ. ಇದನ್ನು ಅಲ್ಲಿ ಎಳನೀರು ಮಾರುವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ.

ಇನ್ನು ಪ್ರತಿಕ್ರಿಯೆಗಳು. ಸಾವಿರಕ್ಕೂ ಮೀರಿದ್ದವು, ಮೂರು ರಾತ್ರಿ ಹಿಡಿಯಿತು. ಮೊದಲ ರಾತ್ರಿಯಿಡೀ ಕೇಳಿದ್ದು ಒಂದೇ ಮಾತು: ‘ಇದನ್ನೆಲ್ಲ ನಮಗೆ ಶಾಲೆಯಲ್ಲಿ ಏಕೆ ಕಲಿಸಲಿಲ್ಲ? ಮುಚ್ಚಿಟ್ಟವರು ಯಾರು?’ ಹಾಗೆ ಬರೆದವರಲ್ಲಿ ಒಬ್ಬನ ಹೆಸರು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ನನ್ನ ವಿದ್ಯಾರ್ಥಿ. 1998ರ ಡಿಸೆಂಬರಿನಲ್ಲಿ ಇಡೀ ತರಗತಿಯನ್ನು ಮೇಗುತಿಗೆ ಹತ್ತಿಸಿ, ಪುಲಿಕೇಶಿಗೆ ಸೋತ ಹರ್ಷನ ಹರ್ಷ ಇಳಿದುಹೋಯಿತು ಎಂದು ಕವಿ ಮಾಡಿದ ಚಮತ್ಕಾರವನ್ನು ಆ ಗೋಡೆಯ ಮುಂದೆಯೇ ನಿಂತು ಬಿಡಿಸಿ ಹೇಳಿದ್ದೆ. ಕಾಳಿದಾಸ, ಭಾರವಿಯರಷ್ಟೇ ಕೀರ್ತಿವಂತ ತಾನೆಂದು ರವಿಕೀರ್ತಿ ಬರೆದುಕೊಂಡದ್ದನ್ನೂ ಹೇಳಿದ್ದೆ. ಆ ದಿನ ಈ ಹುಡುಗ ಬುತ್ತಿ ಮರೆತು ಬಂದಿದ್ದ, ನನ್ನ ರೊಟ್ಟಿಯಲ್ಲಿ ಅರ್ಧ ಕೊಟ್ಟಿದ್ದೆ. ಮುಚ್ಚಿಟ್ಟವಳು ನಾನೇ ಇರಬೇಕು.

ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಪಠ್ಯದಲ್ಲಿ ಚಾಲುಕ್ಯರು ಇದ್ದರು, ನಿಜ. ವರ್ಷಕ್ಕೊಮ್ಮೆ ಗುಡ್ಡ ಹತ್ತಿಸಿದೆನೇ ಹೊರತು ಉಳಿದ ದಿನಗಳಲ್ಲಿ ನಾನು ಕಲಿಸಿದ್ದು ಇಸವಿ ಮತ್ತು ಎರಡು ಅಂಕದ ಪ್ರಶ್ನೆ. ಇಪ್ಪತ್ತು ವರ್ಷದ ಮೇಲೆ ಒಂದು ವಿಡಿಯೊ ಅದನ್ನೇ ಸಂಗೀತ ಹಾಕಿ ಹೇಳಿದರೆ ಅವನಿಗೆ ಹೊಸದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆ ಮಟ್ಟಿಗೆ ಈ ಹುಡುಗರು ನನಗಿಂತ ಒಳ್ಳೆಯ ಮೇಷ್ಟ್ರು.

ಎರಡನೆಯ ರಾತ್ರಿ ಯುದ್ಧ. ಪುಲಿಕೇಶಿ ದೊಡ್ಡವನೋ ಪಲ್ಲವರ ನರಸಿಂಹವರ್ಮ ದೊಡ್ಡವನೋ ಎಂದು ಕನ್ನಡಿಗರೂ ತಮಿಳರೂ ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ತಮ್ಮ ಭಾಷೆಯನ್ನು ಬರೆದು ಬೈದಾಡಿಕೊಂಡಿದ್ದರು. 642ರಲ್ಲಿ ಪಲ್ಲವರು ಚಾಲುಕ್ಯರ ರಾಜಧಾನಿ ವಾತಾಪಿಯನ್ನು, ಅಂದರೆ ಇಂದಿನ ಬಾದಾಮಿಯನ್ನು, ಹಿಡಿದದ್ದಕ್ಕೆ ಬಾದಾಮಿಯ ಬಂಡೆಯ ಮೇಲೆಯೇ ಶಾಸನವಿದೆ, ಅದನ್ನು ಅಲ್ಲಗಳೆದು ಮಾಡುವುದೇನು? ಅದಾಗಿ ಸುಮಾರು ನೂರು ವರ್ಷಕ್ಕೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ. ಗೆದ್ದವನು ಊರನ್ನು ಕೆಡವಲಿಲ್ಲ. ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟು, ಆ ಸಂಗತಿಯನ್ನು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ಆ ವಿಜಯದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಕಂಚಿಯ ಆ ಗುಡಿಯ ಛಾಯೆ ಇದೆ. ಇದನ್ನು ನಾನು ಮೊಮ್ಮಗನಿಂದ ಬರೆಯಿಸಿದೆ. ಬಂದ ಉತ್ತರ: ‘ಅಜ್ಜಿ, ನೀವು ಯಾರ ಕಡೆ?’

ಬಾದಾಮಿಯ ಬಂಡೆಯ ಮೇಲಿನ ಹಳೆಯ ಕನ್ನಡ ಶಾಸನದಲ್ಲಿ ಬರುವ ಕಪ್ಪೆ ಅರಭಟ್ಟನ ತ್ರಿಪದಿಯನ್ನು ಈ ಜಗಳದಲ್ಲಿ ಎಷ್ಟು ಜನ ಬಳಸಿದ್ದರೆಂದರೆ ನನಗೆ ಲೆಕ್ಕ ತಪ್ಪಿತು. ಎಲ್ಲರೂ ಹಿಡಿದುಕೊಂಡದ್ದು ‘ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್’ ಎಂಬ ಭಾಗ. ಅದಕ್ಕೂ ಮೊದಲು ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂದು ಇದೆಯಲ್ಲ, ಅಲ್ಲಿ ಯಾರೂ ನಿಲ್ಲಲಿಲ್ಲ. ಪುಲಿಕೇಶಿ ಆಳಿದನೆಂದು ರವಿಕೀರ್ತಿಯ ಶಾಸನ ಹೇಳುವ ‘ಮೂರು ಮಹಾರಾಷ್ಟ್ರಕ’ಗಳ ಮೇಲೆ ಮರಾಠಿ ಮಾತಿನವರೊಂದಿಗೆ ಇನ್ನೊಂದು ಕಾಳಗ ನಡೆದಿತ್ತು. ಅದನ್ನು ಮೊಮ್ಮಗ ಹೆಚ್ಚಾಗಿ ದಾಟಿಸಿದ.

ಒಂದು ಮಾತನ್ನು ಮಾತ್ರ ನಗುತ್ತಾ ಹೇಳಲಾರೆ. ಚಿತ್ರದಲ್ಲಿ ಒಂದು ಕಡೆ ಪಾಳುಗುಡಿಯೊಳಗಿನ ಅಗೆದ ಗುಂಡಿಯನ್ನು ತೋರಿಸಿ, ದನಿ ತಗ್ಗಿಸಿ ‘ನಿಧಿ’ ಎಂದಿದ್ದಾರೆ. ಅದರ ಕೆಳಗೆ ಇಪ್ಪತ್ತು ಮೂವತ್ತು ಜನ ಆ ಜಾಗ ಎಲ್ಲಿದೆ, ಹೋಗುವ ದಾರಿ ಯಾವುದು ಎಂದು ಕೇಳಿದ್ದಾರೆ. ನಮ್ಮ ಮಾವನವರ ಹೊಲದ ಬದುವಿನಲ್ಲಿ ಮೂರು ಪಟ್ಟಿಕೆಗಳ ವೀರಗಲ್ಲೊಂದು ಇತ್ತು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ. ಒಂದು ಅಮಾವಾಸ್ಯೆಯ ಮರುದಿನ ನೋಡಿದರೆ ಬುಡ ಅಗೆದಿದ್ದರು, ಕಲ್ಲು ಎರಡು ತುಂಡಾಗಿ ಬಿದ್ದಿತ್ತು. ಪಕ್ಕದಲ್ಲಿ ನಿಂಬೆಹಣ್ಣು, ಕುಂಕುಮ. ಆಗ ಯೂಟ್ಯೂಬ್ ಇರಲಿಲ್ಲ, ಆದ್ದರಿಂದ ತಪ್ಪು ಯೂಟ್ಯೂಬಿನದಲ್ಲ. ಆದರೆ ಈಗ ಅಂಥವರಿಗೆ ದಾರಿ ತೋರಿಸುವ ಕೆಲಸವನ್ನು ಇತಿಹಾಸದ ಹೆಸರಿನಲ್ಲಿ ಯಾರೂ ಮಾಡಬಾರದು. ಅಗೆಯುವುದು ಅಪರಾಧ ಎಂದು ಹೇಳಲು ಐದು ಸೆಕೆಂಡು ಸಾಕಾಗುತ್ತದೆ.

ಮೂರನೆಯ ರಾತ್ರಿ ಕೇಳಿದ ಒಂದು ಪ್ರತಿಕ್ರಿಯೆಗಾಗಿಯೇ ಈ ಪತ್ರ.

ಐಹೊಳೆಗೆ ಹೋದವರಿಗೆ ಗೊತ್ತು, ಅಲ್ಲಿ ಊರು ಬೇರೆ ಗುಡಿ ಬೇರೆ ಎಂದು ಇರಲಿಲ್ಲ. ಗುಡಿಗಳಲ್ಲಿಯೇ ಸಂಸಾರಗಳು ನಡೆದವು. ಲಾಡಖಾನನ ಗುಡಿಗೆ ಆ ಹೆಸರು ಬಂದದ್ದು ಅಲ್ಲಿ ವಾಸವಿದ್ದವನಿಂದ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ, ಇವು ದೇವರ ಹೆಸರುಗಳಲ್ಲ. ಕಟ್ಟಿಸಿದವರ ಹೆಸರು ಮರೆತುಹೋಗಿ, ಇದ್ದವರ ಹೆಸರು ಉಳಿಯಿತು. ನಾನು ಚಿಕ್ಕವಳಿದ್ದಾಗ ಕೆತ್ತನೆಯ ಕಂಬಗಳ ನಡುವೆ ಹಗ್ಗ ಕಟ್ಟಿ ಇಳಕಲ್ ಸೀರೆ ಒಣಹಾಕುತ್ತಿದ್ದುದನ್ನು ಕಂಡಿದ್ದೇನೆ. ಪುರಾತತ್ವ ಇಲಾಖೆ ಬೇಲಿ ಹಾಕಿತು, ಹುಲ್ಲು ಬೆಳೆಸಿತು, ಒಳ್ಳೆಯದೇ ಆಯಿತು. ಊರನ್ನೇ ಬೇರೆಡೆಗೆ ಸಾಗಿಸುವ ಮಾತು ನಾನು ನೌಕರಿಗೆ ಸೇರುವಾಗಲೂ ಇತ್ತು, ನಿವೃತ್ತಳಾಗುವಾಗಲೂ ಇತ್ತು. ಚಿತ್ರದಲ್ಲಿ ಈ ಜನರ ಬಗ್ಗೆ ಇರುವುದು ಒಂದೇ ವಾಕ್ಯ, ಅದೂ ‘ಅತಿಕ್ರಮಣ’ ಎಂಬ ಪದದೊಂದಿಗೆ. ಕೆಳಗೆ ‘ಇವರನ್ನೆಲ್ಲ ಮೊದಲು ಓಡಿಸಿ’ ಎಂದು ಬರೆದವರಿಗೆ ನೂರಾರು ಲೈಕು.

ಅದರ ನಡುವೆ ಗೋವಾದಿಂದ ಒಬ್ಬ ಹೆಣ್ಣುಮಗಳು ಬರೆದಿದ್ದಳು. ನಮ್ಮ ಕಡೆಯಿಂದ ಗೋವಾಕ್ಕೆ ದುಡಿಯಲು ಹೋದ ಕುಟುಂಬಗಳು ಬಹಳ, ಅವಳದೂ ಹಾಗೆಯೇ ಇರಬೇಕು. ಹನ್ನೊಂದನೆಯ ನಿಮಿಷದಲ್ಲಿ ಎಡಗಡೆ ಕಾಣುವ ಕಂಬಕ್ಕೆ ತನ್ನ ಅಜ್ಜಿ ಎಮ್ಮೆ ಕಟ್ಟುತ್ತಿದ್ದಳಂತೆ. ಕಂಬದ ಬುಡದಲ್ಲಿ ಹಗ್ಗ ಉಜ್ಜಿ ಆದ ತಗ್ಗು ಈಗಲೂ ಕಾಣುತ್ತದೆಯೇ, ಯಾರಾದರೂ ಹೋದರೆ ಒಂದು ಫೋಟೊ ಹಾಕುತ್ತೀರಾ ಎಂದು ಕೇಳಿದ್ದಳು. ದೀಪಾವಳಿಗೆ ಆ ಕಂಬಕ್ಕೂ ಸುಣ್ಣ ಕೆಮ್ಮಣ್ಣು ಬಳಿಯುತ್ತಿದ್ದರಂತೆ. ಮೊಮ್ಮಗ ಓದಿದ, ನಾನು ಇನ್ನೊಮ್ಮೆ ಓದು ಎಂದೆ. 24 ನಿಮಿಷದ ಚಿತ್ರದಲ್ಲಿ ನನಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿ ಇದ್ದದ್ದು ಅದರ ಕೆಳಗೆ.

ಅವಳ ಮಾತಿಗೆ ಬಂದ ಉತ್ತರಗಳನ್ನು ಅವನು ದಾಟಿಸಲು ನೋಡಿದ, ನಾನು ಬಿಡಲಿಲ್ಲ. ‘ನಿಮ್ಮಂಥವರಿಂದಲೇ ಎಲ್ಲ ಹಾಳಾದದ್ದು.’ ‘ಗುಡಿಯಲ್ಲಿ ಎಮ್ಮೆ ಕಟ್ಟಲು ನಾಚಿಕೆಯಾಗಲಿಲ್ಲವೇ?’ ಉಳಿದದ್ದನ್ನು ನಿಮ್ಮ ಪತ್ರಿಕೆಯಲ್ಲಿ ಅಚ್ಚು ಮಾಡಲಾಗದು. ಇಷ್ಟು ಶತಮಾನ ಆ ಗುಡಿಗಳಲ್ಲಿ ದೀಪ ಹಚ್ಚಿದ್ದರೆ, ಕಸ ಗುಡಿಸಿದ್ದರೆ, ಅದು ಆ ಎಮ್ಮೆ ಕಟ್ಟಿದವರೇ. ಮರುದಿನ ಬೆಳಿಗ್ಗೆ ಅವಳಿಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಹುಡುಕಿಸಿದೆ. ಅವಳ ಬರಹ ಅಲ್ಲಿರಲಿಲ್ಲ. ಅಳಿಸಿಬಿಟ್ಟಿದ್ದಳು.

ಚಿತ್ರ ಮಾಡಿದವರಿಗೆ ತಪ್ಪುಗಳ ಬಗ್ಗೆ ಮೂರು ಬಾರಿ ಬರೆಯಿಸಿದ್ದೆ. ದುರ್ಗದ ಗುಡಿಯ ವಿಷಯವನ್ನು ನನಗಿಂತ ಮೊದಲೇ ಇಳಕಲ್ಲಿನ ಒಬ್ಬ ಕಾಲೇಜು ಹುಡುಗ ನಯವಾಗಿ ತಿಳಿಸಿದ್ದ. ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಐಹೊಳೆಯ ಚಾವಣಿಯ ಶಿಲ್ಪಗಳನ್ನು ಕಂಡೆನೆಂದು ಇನ್ನೊಬ್ಬರು ಬರೆದಿದ್ದರು, ಅದು ಇನ್ನೊಂದು ಚಿತ್ರಕ್ಕೇ ಆಗುವ ವಸ್ತು. ಯಾರಿಗೂ ಉತ್ತರವಿಲ್ಲ. ಪುಲಿಕೇಶಿ–ನರಸಿಂಹವರ್ಮರ ಜಗಳವನ್ನು ಹಚ್ಚಿದ ಒಂದು ಪ್ರತಿಕ್ರಿಯೆಯನ್ನು ಮಾತ್ರ ಅವರೇ ಎಲ್ಲಕ್ಕಿಂತ ಮೇಲೆ ಪಿನ್ ಮಾಡಿ ಇಟ್ಟಿದ್ದಾರೆ. ಜಗಳ ಬೆಳೆದಷ್ಟೂ ನೋಡುವವರು ಬೆಳೆಯುತ್ತಾರಂತೆ. ಒಮ್ಮೆ ಹಾಕಿದ ವಿಡಿಯೊದ ಜಾಗದಲ್ಲಿ ತಿದ್ದಿದ್ದನ್ನು ಇಡಲು ಬರುವುದಿಲ್ಲ, ಹೊಸದಾಗಿ ಹಾಕಿದರೆ ಬಂದ ನೋಟಗಳ ಲೆಕ್ಕವೆಲ್ಲ ಹೋಗುತ್ತದೆ ಎಂದು ಮೊಮ್ಮಗ ಅವರ ಪರವಾಗಿ ವಾದಿಸಿದ. ಒಪ್ಪಿದೆ. ಆದರೆ ಕೆಳಗಿನ ವಿವರಣೆಯನ್ನು ಯಾವಾಗ ಬೇಕಾದರೂ ಬದಲಿಸಬಹುದೆಂದೂ ಅವನೇ ಹೇಳಿದ. ಆ ಪಿನ್ನಿನ ಜಾಗದಲ್ಲಿ ಇಳಕಲ್ಲಿನ ಹುಡುಗನ ತಿದ್ದುಪಡಿಯನ್ನು ಇಟ್ಟರೆ ಯಾರ ನೋಟವೂ ಕಡಿಮೆಯಾಗುವುದಿಲ್ಲ. ಮುಂದಿನ ಸಲ ಬಂದಾಗ ನನ್ನನ್ನು ಕೇಳಿದರೆ ಈ ಮೊಣಕಾಲಿನಲ್ಲಿಯೇ ಮೇಗುತಿಯನ್ನು ಹತ್ತಿ ಗೋಡೆ ತೋರಿಸುತ್ತೇನೆ, ಇಳಿದ ಮೇಲೆ ಅಮೀನಗಡದ ಕರದಂಟನ್ನೂ ಕೊಡಿಸುತ್ತೇನೆ.

ಗೋವಾದ ಆ ಮಗಳಿಗೆ ಯೂಟ್ಯೂಬಿನಲ್ಲಿ ತಿಳಿಸುವ ದಾರಿ ನನಗೆ ಉಳಿದಿಲ್ಲ. ನಿಮ್ಮ ಪತ್ರಿಕೆ ಹುಬ್ಬಳ್ಳಿಯಿಂದ ಆ ಕಡೆಗೂ ಹೋಗುತ್ತದೆ, ಅವಳ ಮನೆಯವರಾದರೂ ಓದಿಯಾರು. ಹೋದ ಗುರುವಾರ ಬಸ್ಸಿನಲ್ಲಿ ಐಹೊಳೆಗೆ ಹೋಗಿ ಬಂದೆ. ಆ ಕಂಬದ ಬುಡದಲ್ಲಿ ಹಗ್ಗದ ತಗ್ಗು ಇದೆ, ನನ್ನ ಹೆಬ್ಬೆರಳು ಅದರಲ್ಲಿ ಪೂರ್ತಿ ಕೂರುತ್ತದೆ. ಕೆಮ್ಮಣ್ಣಿನ ಗುರುತು ಸಿಗಲಿಲ್ಲ, ತೊಳೆದಿರಬೇಕು. ಮೊಮ್ಮಗ ನಾಲ್ಕು ಫೋಟೊ ತೆಗೆದಿದ್ದಾನೆ. ನನ್ನ ವಿಳಾಸ ಸಂಪಾದಕರ ಬಳಿ ಇದೆ. ಅವಳು ಕಾಗದ ಬರೆದರೆ ಫೋಟೊಗಳನ್ನು ಕಳಿಸುತ್ತೇನೆ. ಅಜ್ಜಿಯ ಹೆಸರೇನು, ಎಮ್ಮೆಗೆ ಏನೆಂದು ಕರೆಯುತ್ತಿದ್ದರು, ಆ ಮನೆಯನ್ನು ಯಾವ ವರ್ಷ ಬಿಟ್ಟರು ಎಂಬುದನ್ನು ಅವಳು ಬರೆಯಬೇಕು.

ಇತಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ
ಅಮೀನಗಡ, ಬಾಗಲಕೋಟೆ ಜಿಲ್ಲೆ