ಎರೆಹುಳುವಿನ ಖಂಡ ಎಣಿಸಿಕೊಟ್ಟವರಿಗೆ

ಹೆಸರು ಹಾಕಬೇಡಿ ಎಂದಿರಿ, ಹಾಕಿಲ್ಲ. ಆದರೆ ಗದ್ದೆ ಬದುವಿನ ಗ್ಲಿಫಿಡ್ರಿಲಸ್ ಎರೆಹುಳುಗಳಿಗೆ ನೀವು ಕೊಟ್ಟ ಸಮಯಕ್ಕೆ ಧನ್ಯವಾದ ಹೇಳದೆ ಇರಲಾಗದು.

ಅರ್ಧ ನೀರು, ಅರ್ಧ ಕೆಸರಿನಲ್ಲಿ ಬದುಕುವ ಈ ಹುಳುವಿನ ಬಾಲ ಚೌಕಾಕಾರ. ಬೆಳೆದ ಹುಳುವಿನ ಕ್ಲೈಟೆಲ್ಲಮ್ (ಮೈಮೇಲಿನ ದಪ್ಪ ಪಟ್ಟಿ) ಭಾಗದ ಎರಡೂ ಬದಿಗೆ ತೆಳುವಾದ ಚರ್ಮದ ಅಂಚು, ಅದೇ 'ರೆಕ್ಕೆ'. ಅದು ಯಾವ ಖಂಡದಲ್ಲಿ, ಅಂದರೆ ಮೈಯ ಎಷ್ಟನೇ ಉಂಗುರದಲ್ಲಿ, ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೇ ಪ್ರಭೇದದ ಗುರುತು ಬಹುಪಾಲು ನಿಂತಿದೆ. ಮರಿಗಳಿಗೆ ರೆಕ್ಕೆ ಇರದು, ಅವನ್ನು ನೋಡಿ ಹೆಸರಿಡಲು ಹೋಗಬಾರದು.

ನಮ್ಮ ಎಣಿಕೆ ಒಂದು ಖಂಡ ತಪ್ಪಿತ್ತು. ಬಾಯಿಯ ಮೇಲಿನ ತುಟಿಯಂಥ ಭಾಗವನ್ನೂ ಖಂಡವೆಂದು ಲೆಕ್ಕಹಾಕಿದ್ದೆವು. ಬಿರುಗೂದಲು ಮೊದಲು ಕಾಣುವುದು 2ನೇ ಖಂಡದಲ್ಲಿ, ಅಲ್ಲಿಂದ ತಾಳೆ ನೋಡಿ ಎಂದಿರಿ. ಅಷ್ಟೇ ಸಾಕಾಯಿತು! ಹೊಸ ಪ್ರಭೇದವೆಂದುಕೊಂಡದ್ದು ಈ ಒಂದು ಅಂಕಿಯಿಂದಲೇ ಹಳೆಯದಾಗುವುದೂ ಉಂಟು.

ಇನ್ನು ಮಾದರಿ ಹುಳುಗಳನ್ನು ಕೆಡದಂತೆ ಇಡುವುದು. ನೇರ ಗಟ್ಟಿ ಆಲ್ಕೋಹಾಲಿಗೆ ಹಾಕಿದ ಹುಳು ಮುದುರಿ, ರೆಕ್ಕೆ ಮಡಚಿ, ಎಣಿಕೆಗೇ ಬಾರದು. 30% ಎಥನಾಲ್‌ನಲ್ಲಿ ಸಡಿಲಗೊಳಿಸಿ, ಫೋಟೊ ತೆಗೆದು, ಡಿಎನ್‌ಎಗೆ ಬಾಲದ ತುಂಡನ್ನು 95% ಎಥನಾಲ್‌ಗೆ ಬೇರ್ಪಡಿಸಿ, ಉಳಿದದ್ದನ್ನು ಫಾರ್ಮಲಿನ್‌ನಲ್ಲಿ ಗಟ್ಟಿಮಾಡಿ 70% ಎಥನಾಲ್‌ಗೆ ವರ್ಗಾಯಿಸಬೇಕು. ಫಾರ್ಮಲಿನ್ ಮುಟ್ಟಿದ ಮೇಲೆ ಡಿಎನ್‌ಎ ಕೈಗೆ ಸಿಗುವುದು ಕಷ್ಟ. ಈ ಅನುಕ್ರಮ ನಮ್ಮ ಡಬ್ಬಿಗಳ ಮೇಲೆ ಈಗ ನಿಮ್ಮ ಮಾತಿನಲ್ಲೇ ಅಂಟಿಸಿದೆ.