ಗೋಡೆಯ ಮೇಲೊಂದು ಪರದೆಯೋ, ನಾಲ್ವರ ನಡುವೆ ಒಂದು ಪರದೆಯೋ: ಶಾಸಕರಿಗೆ ಒಂದು ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ಗೌರವಪೂರ್ವಕ ನಮಸ್ಕಾರಗಳು.

ತಮಗೆ ಸಲ್ಲಿಸುವ ಮನವಿಯೊಂದನ್ನು ಬರೆದುಕೊಡುವಂತೆ ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಹೋದ ವಾರ ನನ್ನನ್ನು ಕೇಳಿಕೊಂಡರು. ಆರು, ಏಳು ಮತ್ತು ಎಂಟನೇ ತರಗತಿಗಳ ಕೊಠಡಿಗಳಿಗೆ ತಮ್ಮ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ತಲಾ ಒಂದು ಸ್ಮಾರ್ಟ್ ಬೋರ್ಡ್ (ಗೋಡೆಗೆ ಹಾಕುವ ದೊಡ್ಡ ಡಿಜಿಟಲ್ ಪರದೆ) ಕೊಡಿಸಬೇಕು ಎಂಬುದು ಅದರ ಸಾರ. ಶ್ರೀನಿವಾಸಪುರ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ 29 ವರ್ಷ ಗಣಿತ, ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಆ ಮನವಿಯನ್ನು ಬರೆಯಲು ಕುಳಿತು, ಎರಡು ಸಾಲು ಬರೆದು ನಿಲ್ಲಿಸಿದೆ. ಮಕ್ಕಳಿಗೆ ತಂತ್ರಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. ಬೇಕು, ಆದರೆ ಅದು ಗೋಡೆಯ ಮೇಲಿರುವುದು ಬೇಡ. ಏಕೆ ಬೇಡ ಎಂಬುದನ್ನು ಎಸ್‌ಡಿಎಂಸಿಯವರೂ ಓದಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮಕ್ಕಳು ಒಬ್ಬರಿಂದೊಬ್ಬರು ಕಲಿಯುವ ಪದ್ಧತಿ ನಮ್ಮ ಸರ್ಕಾರಿ ಶಾಲೆಗಳಿಗೆ ಹೊಸದೇನೂ ಅಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅದು ರೂಪುಗೊಂಡಾಗ ಅಲ್ಲಿನ ಶಿಕ್ಷಕರಿಗೆ ದಾರಿ ತೋರಿದ್ದು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳು. ನಮ್ಮ ಗಡಿಯಾಚೆಗಿನ ನೆರೆಯ ವಿಚಾರವೊಂದು ಮೈಸೂರು ಸೀಮೆ ಸುತ್ತಿಕೊಂಡು ನಮ್ಮ ಊರಿಗೆ ಬಂತು. ಅಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು, ಕಲಿಕಾ ಏಣಿಯಲ್ಲಿ (ಕಲಿಯಬೇಕಾದ್ದನ್ನು ಹಂತ ಹಂತವಾಗಿ ತೋರಿಸುವ ಪಟದಲ್ಲಿ) ತಮ್ಮ ಮೆಟ್ಟಿಲು ಹುಡುಕಿಕೊಂಡು, ಕೆಲವನ್ನು ಶಿಕ್ಷಕರ ನೆರವಿನಿಂದ, ಕೆಲವನ್ನು ಸಹಪಾಠಿಗಳ ನೆರವಿನಿಂದ, ಇನ್ನು ಕೆಲವನ್ನು ತಾವಾಗಿಯೇ ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬಂದೊಡನೆ ಸಾಲಾಗಿ ಕೂರಿಸುತ್ತೇವೆ. ಆರನೇ ತರಗತಿಯ ಹೊತ್ತಿಗೆ ಪಕ್ಕದವರೊಡನೆ ಮಾತನಾಡುವುದೇ ತಪ್ಪಾಗಿರುತ್ತದೆ. ತರಗತಿಯ ನಾಯಕ ಮಾತಾಡಿದವರ ಹೆಸರನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆಯುತ್ತಾನೆ. ನಾನೂ ವರ್ಷಗಟ್ಟಲೆ ಹಾಗೆ ಬರೆಸಿದ್ದೇನೆ. ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳಿಗೆ ಮೇಷ್ಟರ ಮಾತಿಗಿಂತ ಗೆಳೆಯರ ಮಾತು ಹೆಚ್ಚು ನಾಟುತ್ತದೆ ಎಂಬುದು ಮನೆಯಲ್ಲಿ ಅಂಥ ಮಗುವಿರುವ ಎಲ್ಲರಿಗೂ ಗೊತ್ತು. ಸರಿಯಾಗಿ ಆ ವಯಸ್ಸಿನಲ್ಲೇ ನಾವು ಆ ಮಾತನ್ನು ನಿಲ್ಲಿಸುತ್ತೇವೆ.

ಒಂದು ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ತನಗಿಂತ ತುಸು ಹೆಚ್ಚು ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಇರುವ ಅಂತರವೇ ಕಲಿಕೆಯ ಫಲವತ್ತಾದ ಜಾಗ ಎಂದು ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ (1896–1934) ಗುರುತಿಸಿದ್ದರು. ನಮ್ಮ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬ ನೆಲೆಯ ಮೇಲೆಯೇ ನಿಂತಿದೆ. ತರಬೇತಿಗಳಲ್ಲಿ ಇದನ್ನೆಲ್ಲ ಕೇಳಿ, ಸಹಿ ಹಾಕಿ, ಊಟ ಮಾಡಿ ಬಂದವನು ನಾನು. ಅದು ನನಗೆ ನಿಜವಾಗಿ ಅರ್ಥವಾದದ್ದು 2020ರಲ್ಲಿ, ಕೋವಿಡ್‌ನಿಂದ ಶಾಲೆ ಮುಚ್ಚಿ, ವಿದ್ಯಾಗಮ ಯೋಜನೆಯಡಿ ನಾವೇ ಊರೂರಿಗೆ ಹೋದಾಗ. ಗುಡಿಯ ಜಗಲಿಯ ಮೇಲೆ ಐದಾರು ಮಕ್ಕಳ ನಡುವೆ ಇದ್ದದ್ದು ನನ್ನದೊಂದೇ ಮೊಬೈಲು. ಅದನ್ನು ಅವರ ಕೈಗೆ ಕೊಟ್ಟು ನಾನು ಪಕ್ಕದ ಗುಂಪಿಗೆ ಹೋಗಿ ಬರುವಷ್ಟರಲ್ಲಿ, ನಾನು ಹೇಳಿಕೊಡಬೇಕಾಗಿದ್ದ ಅರ್ಧ ಪಾಠವನ್ನು ಅವರು ತಮ್ಮೊಳಗೆ ಜಗಳವಾಡಿ ಮುಗಿಸಿರುತ್ತಿದ್ದರು.

ಶಾಲೆ ತೆರೆದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬರು ತಾವು ಬಳಸಿ ಬಿಟ್ಟಿದ್ದ ಎರಡು ಟ್ಯಾಬ್‌ಗಳನ್ನು ತಂದುಕೊಟ್ಟರು. ಏಳನೇ ತರಗತಿಯಲ್ಲಿ ಶೇಕಡಾವಾರು ಲೆಕ್ಕ ನಡೆಯುತ್ತಿತ್ತು. ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ 15 ಕೆಜಿಯ ಬಾಕ್ಸ್ ಲೆಕ್ಕದಲ್ಲಿ ಹರಾಜಾಗುವುದು ನಮ್ಮ ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಗೊತ್ತು. ಒಂದು ಬಾಕ್ಸ್ ಬೆಲೆ 600 ರೂಪಾಯಿಯಿಂದ ಶೇ 60ರಷ್ಟು ಇಳಿದು, ಮತ್ತೆ ಶೇ 60ರಷ್ಟು ಏರಿದರೆ ಎಷ್ಟಾಗುತ್ತದೆ ಎಂದು ಕೇಳಿದೆ. ತರಗತಿಗೆ ತರಗತಿಯೇ 600 ಎಂದಿತು. ತಂದೆ ಟೊಮೆಟೊ ಬೆಳೆಯುತ್ತಿದ್ದ ಒಬ್ಬ ಹುಡುಗಿ ಮಾತ್ರ ಒಪ್ಪಲಿಲ್ಲ. ಬೆಲೆ ಹಾಗೆ ಹಿಂದಕ್ಕೆ ಬರುವುದಿಲ್ಲ ಎಂದಳು. ಅವಳ ಗುಂಪಿನವರು ಟ್ಯಾಬ್‌ನ ಲೆಕ್ಕದ ಹಾಳೆಯಲ್ಲಿ ಅಂಕಿಗಳನ್ನು ತುಂಬಿದರು. ಇಳಿದ ಮೇಲೆ 240, ಏರಿದ ಮೇಲೆ 384. ಟ್ಯಾಬ್ ಕೆಟ್ಟಿದೆ ಎಂದ ಹುಡುಗನಿಗೆ ಅವಳು ತಮ್ಮ ಮನೆಮಾತಾದ ತೆಲುಗಿನಲ್ಲಿ, "ನೂಟಿಕಿ ಎಂತ" (ನೂರಕ್ಕೆ ಎಷ್ಟು) ಎಂದು ಬೆರಳು ಮಡಿಸುತ್ತ ಬಿಡಿಸಿ ಹೇಳಿದಳು: ಇಳಿಯುವಾಗ ನೂರು ಎಂದರೆ ಆರುನೂರು, ಏರುವಾಗ ನೂರು ಎಂದರೆ ಇನ್ನೂರ ನಲವತ್ತು. ಮೂಲಬೆಲೆಗೆ ಮರಳಲು ಶೇ 150ರಷ್ಟು ಏರಬೇಕು ಎಂಬುದನ್ನು ಆ ನಾಲ್ವರೇ ಕಂಡುಕೊಂಡು ಪಕ್ಕದ ಗುಂಪಿಗೆ ತೋರಿಸಿದರು. ನಾನು ಅದೇ ಸಂಗತಿಯನ್ನು ಎಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೆನೋ! ಆ ಲೆಕ್ಕವನ್ನು ಟ್ಯಾಬ್ ಮಾಡಿತು, ನಿಜ. ಆದರೆ ಅದನ್ನು ಕಲಿಸಿದ್ದು ಪರದೆಯ ಸುತ್ತ ಎದ್ದ ವಾದ. ಆ ವಾದಕ್ಕೆ ನಾಲ್ಕು ತಲೆಗಳು ಒಂದೆಡೆ ಬಾಗಬೇಕು, ಬೆರಳು ಪರದೆಗೆ ಎಟುಕಬೇಕು, ಮಾತು ಯಾವ ಭಾಷೆಯಲ್ಲಾದರೂ ಹೊರಡುವ ಸಲುಗೆ ಇರಬೇಕು.

ಸ್ಮಾರ್ಟ್ ಬೋರ್ಡ್ ಇದಕ್ಕೆ ಅವಕಾಶ ಕೊಡುವುದು ಕಡಿಮೆ. ಅದು ಎಲ್ಲರ ಮುಖವನ್ನೂ ಒಂದೇ ಗೋಡೆಗೆ ತಿರುಗಿಸುತ್ತದೆ. ದಾನಿಗಳು ಕೊಟ್ಟ ಬೋರ್ಡೊಂದು ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿತ್ತು. ಉದ್ಘಾಟನೆಯ ದಿನ ಸೌರಮಂಡಲ ತಿರುಗಿತು. ಆಮೇಲೆ ಕರೆಂಟಿದ್ದಾಗ ಯುಪಿಎಸ್ ಕೆಟ್ಟಿರುತ್ತಿತ್ತು, ಯುಪಿಎಸ್ ಸರಿಯಿದ್ದಾಗ ಬೀಗದ ಕೈ ಇದ್ದವರು ರಜೆಯಲ್ಲಿರುತ್ತಿದ್ದರು. ಟ್ಯಾಬ್‌ಗಳಾದರೆ ರಾತ್ರಿ ಚಾರ್ಜ್ ಮಾಡಿಟ್ಟುಕೊಂಡು ಹಗಲಿಡೀ ಬಳಸಬಹುದು. ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ಸರ್ಕಾರದ ದೀಕ್ಷಾ ಜಾಲತಾಣದ ಪಾಠಗಳನ್ನು ಮೊದಲೇ ಇಳಿಸಿಕೊಳ್ಳಬಹುದು. ಜಿಯೋಜಿಬ್ರಾದಂಥ ಉಚಿತ ತಂತ್ರಾಂಶದಲ್ಲಿ ತ್ರಿಕೋನದ ತುದಿಯನ್ನು ಮಕ್ಕಳೇ ಎಳೆದು, ಕೋನಗಳ ಮೊತ್ತ ಬದಲಾಗದಿರುವುದನ್ನು ನೋಡಬಹುದು.

ನನಗಿರುವ ಇನ್ನೊಂದು ಆಸೆ ಶಾಲೆ ಶಾಲೆಗಳ ನಡುವಿನದು. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಆ ನೀರು ಬಂದ ಊರಿನ ಎಂಟನೇ ತರಗತಿಯವರೂ ಬಾರದ ಊರಿನ ಎಂಟನೇ ತರಗತಿಯವರೂ ತಿಂಗಳಿಗೊಮ್ಮೆ ತಮ್ಮ ಕೆರೆಯ ಅದೇ ಕಲ್ಲಿನ ಬಳಿ ನಿಂತು ಚಿತ್ರ ತೆಗೆದು, ಕೊಳವೆಬಾವಿ ಎಷ್ಟು ಅಡಿಗೆ ನೀರು ಕೊಡುತ್ತಿದೆ ಎಂದು ಮನೆಗಳಲ್ಲಿ ಕೇಳಿ ಬರೆದು, ಪರಸ್ಪರ ಕಳುಹಿಸಿಕೊಂಡು ಪ್ರಶ್ನೆ ಕೇಳಲಿ. ಅಂತರ್ಜಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪುಸ್ತಕ ಕೋಲಾರದವರಿಗೆ ಎಲ್ಲಿ ಸಿಕ್ಕೀತು?

ಇಲ್ಲೊಂದು ಎಚ್ಚರಿಕೆಯೂ ಬೇಕು. ಮಕ್ಕಳನ್ನು ವಾಟ್ಸ್ಆ್ಯಪ್ ಗುಂಪಿಗೆ ಸೇರಿಸುವುದು ಸುಲಭವಾಗಿ ಕಾಣುತ್ತದೆ, ಆದರೆ ಆ ಕಂಪನಿಯ ನಿಯಮದಂತೆಯೇ 13 ವರ್ಷ ತುಂಬದವರು ತಾವಾಗಿಯೇ ಅದರಲ್ಲಿ ಖಾತೆ ತೆರೆಯುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18ಕ್ಕಿಂತ ಕೆಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಆದ್ದರಿಂದ ಖಾತೆ ಶಾಲೆಯದ್ದಾಗಿರಲಿ, ಕಳುಹಿಸುವ ಗುಂಡಿ ಶಿಕ್ಷಕರ ಕೈಯಲ್ಲಿರಲಿ, ಕೆರೆಯ ಚಿತ್ರದಲ್ಲಿ ಮಕ್ಕಳ ಮುಖ ಬೇಡ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಒಂದು ಬೋರ್ಡಿಗೆ ತಗಲುವ ಹಣದಲ್ಲಿ ಒಂದು ತರಗತಿಗೆ ನಾಲ್ವರಿಗೊಂದರಂತೆ ಸಾಧಾರಣ ಟ್ಯಾಬ್‌ಗಳನ್ನೂ ಅವುಗಳನ್ನು ಇಟ್ಟು ಚಾರ್ಜ್ ಮಾಡುವ ಒಂದು ಕಬ್ಬಿಣದ ಪೆಟ್ಟಿಗೆಯನ್ನೂ ಕೊಡಿಸಿ, ಮೊದಲು ನಾಲ್ಕೈದು ಶಾಲೆಗಳಲ್ಲಿ ಒಂದು ವರ್ಷ ನಡೆಸಿ ನೋಡಬೇಕು. ದುರಸ್ತಿಯ ಖರ್ಚು ಯಾರದೆಂದು ಖರೀದಿಗೆ ಮುನ್ನವೇ ಬರವಣಿಗೆಯಲ್ಲಿ ನಿರ್ಧಾರವಾಗಬೇಕು. ಇವೆರಡಕ್ಕಿಂತ ಮುಖ್ಯವಾದದ್ದು ಶಿಕ್ಷಕರ ಸಮಯ. ಈಗ ಅವರ ಮೊಬೈಲು ಮೊಟ್ಟೆ, ಬಾಳೆಹಣ್ಣು, ಹಾಜರಾತಿಯ ಅಂಕಿ ತುಂಬುವುದರಲ್ಲೇ ದಿನ ಕಳೆಯುತ್ತದೆ. ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆಯಲ್ಲಿ ಕನಿಷ್ಠ ಒಂದು ಗಂಟೆಯನ್ನು ಸುತ್ತೋಲೆ ಓದುವುದಕ್ಕಲ್ಲದೆ, ಗುಂಪು ಪಾಠ ಎಲ್ಲಿ ಸರಿಹೋಯಿತು, ಎಲ್ಲಿ ಗದ್ದಲವಾಗಿ ಕೆಟ್ಟಿತು ಎಂದು ಪರಸ್ಪರ ಹೇಳಿಕೊಳ್ಳಲು ಬಿಟ್ಟುಕೊಡಬೇಕು. ಶಿಕ್ಷಕರೂ ಒಬ್ಬರಿಂದೊಬ್ಬರು ಕಲಿಯಬೇಕಲ್ಲವೇ?

ತಾಲ್ಲೂಕಿನ ಕೆಡಿಪಿ (ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲನಾ) ಸಭೆಗೆ ತಾವೇ ಅಧ್ಯಕ್ಷರು. ಎಷ್ಟು ಶಾಲೆಗಳಿಗೆ ಸ್ಮಾರ್ಟ್ ಕ್ಲಾಸ್ ಆಗಿದೆ ಎಂಬ ಪ್ರಶ್ನೆಗೆ ಅಲ್ಲಿ ಅಧಿಕಾರಿಗಳ ಬಳಿ ಸಿದ್ಧ ಉತ್ತರ ಇರುತ್ತದೆ. ಈಗಾಗಲೇ ಇರುವ ಸಾಧನಗಳನ್ನು ಕಳೆದ ತಿಂಗಳು ಮಕ್ಕಳು ತಮ್ಮ ಕೈಯಾರೆ ಎಷ್ಟು ಗಂಟೆ ಬಳಸಿದರು ಎಂದು ತಾವು ಒಮ್ಮೆ ಕೇಳಬೇಕೆಂದು ವಿನಂತಿ.

ಎಸ್‌ಡಿಎಂಸಿಯ ಮುಂದಿನ ಸಭೆಯಲ್ಲಿ ನಾನು ಈ ಪತ್ರವನ್ನು ಓದಲಿದ್ದೇನೆ. ಸ್ಮಾರ್ಟ್ ಬೋರ್ಡೇ ಬೇಕು ಎನ್ನುವವರು ಅಲ್ಲಿ ಹೆಚ್ಚಿದ್ದಾರೆ, ಅವರ ಮನವಿಯೂ ತಮಗೆ ತಲುಪಬಹುದು. ಎರಡನ್ನೂ ಓದಿದ ಮೇಲೆ ತಾವು ಬರೆಯುವ ಉತ್ತರವನ್ನೂ ಅದೇ ಸಮಿತಿಯ ಮುಂದೆ ಓದಿ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕ,
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ